ಮನೆಯ ವೈಫೈ ಭದ್ರವಾಗಿದೆಯಾ? ಮೈಸೂರಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುವೆಂಪುನಗರ, ಬೋಗಾದಿ, ವಿಜಯನಗರ, ಎಲ್ಲೇ ರೂಟರ್ ನೋಡೋಕೆ ಹೋದರೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಲ್ಲರಿಗೂ ಹೆದರಿಕೆ ಇರೋದು ಎಲ್ಲೋ ದೂರದಲ್ಲಿ ಕೂತ ಹ್ಯಾಕರ್ ಬಗ್ಗೆ. ನಾನು ಕಂಡ ಮಟ್ಟಿಗೆ ತೊಂದರೆ ಶುರುವಾಗೋದು ನಾವೇ ಊರಿಗೆಲ್ಲ ಹಂಚಿದ ಪಾಸ್‌ವರ್ಡ್‌ನಿಂದ, ಇಲ್ಲವೇ ಕನೆಕ್ಷನ್ ಕೊಟ್ಟ ಹುಡುಗ ಹಾಗೇ ಬಿಟ್ಟುಹೋದ ಸೆಟ್ಟಿಂಗ್‌ನಿಂದ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಜಾಗ ಅವೆರಡಕ್ಕೇ ಹೋಗಿದೆ.

ನಮ್ಮ ವೈಫೈ ಕದ್ದು ಯಾರಿಗೇನು ಸಿಗುತ್ತೆ? ನಮ್ಮನೇಲಿ ಅಂಥದ್ದೇನಿದೆ?

ಡೇಟಾ ಹೋಗೋದು ಸಣ್ಣ ವಿಷಯ. ಅನ್‌ಲಿಮಿಟೆಡ್ ಪ್ಲ್ಯಾನ್ ಇದ್ದರೆ ಅದು ನಿಮ್ಮ ಗಮನಕ್ಕೂ ಬರೋದಿಲ್ಲ. ದೊಡ್ಡ ವಿಷಯ ಬೇರೆ ಇದೆ. ನಿಮ್ಮ ವೈಫೈಯಲ್ಲಿ ಯಾರು ಏನೇ ಮಾಡಲಿ, ಹೊರಗಿನವರಿಗೆ ಅದು ನಿಮ್ಮ ಮನೆಯಿಂದ ಆದ ಹಾಗೆ ಕಾಣುತ್ತದೆ. ಪೊಲೀಸರು ಐಪಿ ಅಡ್ರೆಸ್ (ನೆಟ್‌ನಲ್ಲಿ ನಿಮ್ಮ ಕನೆಕ್ಷನ್ ಗುರುತಿಸುವ ಸಂಖ್ಯೆ) ಹಿಡಿದು ಕಂಪನಿಯವರನ್ನು ಕೇಳಿದರೆ ಸಿಗೋದು ಬಿಲ್ ಯಾರ ಹೆಸರಲ್ಲಿದೆಯೋ ಅವರ ವಿಳಾಸ.

ಇದು ಸುಮ್ನೆ ಹೆದರಿಸೋಕೆ ಹೇಳುವ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟ ಆಯಿತು. ಅದಕ್ಕೆ ಸ್ವಲ್ಪ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಬೆದರಿಕೆ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕದ ಪ್ರಜೆಯ ಫ್ಲ್ಯಾಟ್‌ಗೆ. ಅವರ ವೈಫೈಗೆ ಸರಿಯಾದ ಭದ್ರತೆ ಇರಲಿಲ್ಲ, ಬೇರೆ ಯಾರೋ ಅದನ್ನು ಬಳಸಿಕೊಂಡಿದ್ದರು. ತಮ್ಮದಲ್ಲದ ತಪ್ಪಿಗೆ ಅವರು ವಿಚಾರಣೆ ಎದುರಿಸಬೇಕಾಯಿತು.

ಇನ್ನೊಂದು ವಿಷಯವೂ ಇದೆ. ವೈಫೈ ಒಳಗೆ ಬಂದವನಿಗೆ ನಿಮ್ಮ ಟಿವಿ, ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರ್‌ನಲ್ಲಿ ಹಂಚಿಟ್ಟ ಫೋಲ್ಡರ್ ಎಲ್ಲದರ ದಾರಿಯೂ ಕಾಣುತ್ತದೆ. ರೂಟರ್‌ನ ಸೆಟ್ಟಿಂಗ್ ಪುಟವೂ ಕಾಣುತ್ತದೆ.

ಒಂದೇ ಒಂದು ಕೆಲಸ ಮಾಡೋಕೆ ಟೈಮ್ ಇದೆ. ಯಾವುದು ಮಾಡ್ಲಿ?

ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರ್ ಆಗಿದ್ದರೆ ಇವತ್ತೇ ಬದಲಾಯಿಸಿ.

ನಮ್ಮ ಕಡೆ ಇದು ಎಷ್ಟು ಸಾಮಾನ್ಯ ಅಂದರೆ, ಹತ್ತು ಮನೆಗೆ ಹೋದರೆ ಅರ್ಧಕ್ಕೂ ಜಾಸ್ತಿ ಮನೆಗಳಲ್ಲಿ ಇದೇ ಇರುತ್ತದೇನೋ ಅನ್ನಿಸುತ್ತದೆ. ಫೈಬರ್ ಎಳೆಯೋಕೆ ಬಂದ ಹುಡುಗ ಕೊನೆಯಲ್ಲಿ ಕೇಳುತ್ತಾನೆ: “ಸಾರ್, ಪಾಸ್‌ವರ್ಡ್ ಏನಿಡ್ಲಿ? ನಿಮ್ ನಂಬರೇ ಇಟ್ಬಿಡ್ಲಾ?” ನಾವು ಹೂಂ ಅಂದುಬಿಡುತ್ತೇವೆ. ಆ ನಂಬರ್ ಹಾಲಿನವರಿಗೆ, ಗ್ಯಾಸ್‌ನವರಿಗೆ, ಕೊರಿಯರ್‌ನವರಿಗೆ ಗೊತ್ತು. ‘ಮನೆ ಬಾಡಿಗೆಗೆ ಇದೆ’ ಅನ್ನುವ ಬೋರ್ಡ್ ಮೇಲೂ ಅದೇ ಇರುತ್ತದೆ.

ನಂಬರ್ ಗೊತ್ತಿಲ್ಲದವನಿಗೂ ಇದು ಸುಲಭ. ಫೋನ್ ರೂಟರ್‌ಗೆ ಸೇರುವಾಗ ಎರಡರ ನಡುವೆ ಗಾಳಿಯಲ್ಲೇ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಹೋಗೋದಿಲ್ಲ. ಆದರೆ ಊಹೆ ಸರಿಯೋ ತಪ್ಪೋ ಅಂತ ನೋಡಿಕೊಳ್ಳೋಕೆ ಸಾಕಾಗುವಷ್ಟು ಸುಳಿವು ಇರುತ್ತದೆ. ಗೇಟ್ ಹೊರಗೆ ನಿಂತು ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಿಡಿದುಕೊಂಡವನು ಆಮೇಲೆ ತನ್ನ ಮನೆಯಲ್ಲೇ ಕೂತು ಪಾಸ್‌ವರ್ಡ್ ಊಹಿಸಬಹುದು. ನಮ್ಮ ಮೊಬೈಲ್ ನಂಬರ್ ಶುರುವಾಗೋದು 6, 7, 8, 9ರಿಂದ ಮಾತ್ರ. ಅಂದರೆ ಒಟ್ಟು 400 ಕೋಟಿ ನಂಬರ್. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಪಾಸ್‌ವರ್ಡ್ ಪರೀಕ್ಷೆ ಮಾಡಬಲ್ಲದು. ಭಾಗಿಸಿ ನೋಡಿ: ಒಂದು ಗಂಟೆ ಚಿಲ್ಲರೆ, ಅಷ್ಟೇ. ಅದೇ ವೇಗದಲ್ಲಿ, ಅರ್ಥವಿಲ್ಲದೆ ಜೋಡಿಸಿದ 12 ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್‌ಗಳನ್ನೆಲ್ಲ ನೋಡಿ ಮುಗಿಸೋಕೆ ಮೂರು ಸಾವಿರ ವರ್ಷ ಬೇಕು.

ಹಾಗಾದ್ರೆ ಒಳ್ಳೆ ಪಾಸ್‌ವರ್ಡ್ ಅಂದ್ರೆ ಏನು? ಅಮ್ಮನಿಗೂ ನೆನಪಿರಬೇಕು.

ಉದ್ದ ಇರಲಿ. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆಯಿರಿ. ಹುರುಳಿ, ಏಣಿ, ಛತ್ರಿ, ಬುಗುರಿ, ಈ ಥರ. (ಇದನ್ನೇ ಇಡಬೇಡಿ, ಇಲ್ಲಿ ಬರೆದಾಗಿದೆ.) ಅಮ್ಮನಿಗೆ ಪದಗಳು ನೆನಪಿರುತ್ತವೆ, ಆದರೆ ಛತ್ರಿಗೆ ಒಂದು ‘ಎಚ್’ ಹಾಕಬೇಕೋ ಎರಡೋ ಅನ್ನೋ ಗಲಾಟೆ ಶುರುವಾಗುತ್ತದೆ. ಅದಕ್ಕೆ ಸ್ಪೆಲ್ಲಿಂಗ್ ಸಮೇತ ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಡಿ. ಪಾಸ್‌ವರ್ಡ್ ಬರೆದಿಡಲೇಬಾರದು ಅನ್ನೋದು ಆಫೀಸಿನ ನಿಯಮ. ಬೀರುವಿನ ಬಾಗಿಲು ತೆಗೆಯೋ ಕಳ್ಳ ನಿಮ್ಮ ವೈಫೈಗಾಗಿ ಬಂದಿರೋದಿಲ್ಲ.

ಚಾಮುಂಡಿ, ದಸರಾ, ಮೈಸೂರು, ಮಕ್ಕಳ ಹೆಸರು, ಮನೆ ಹೆಸರು, ಇವುಗಳ ಮುಂದೆ 123 ಸೇರಿಸೋದು ಬೇಡ. ಊಹೆ ಮಾಡುವವನು ಮೊದಲು ನೋಡೋದೇ ಇವನ್ನು.

ವೈಫೈ ಪಾಸ್‌ವರ್ಡ್ ಬೇರೆ, ರೂಟರ್ ಪಾಸ್‌ವರ್ಡ್ ಬೇರೆನಾ?

ಬೇರೆ ಬೇರೆ. ಬಹಳ ಜನಕ್ಕೆ ಎರಡನೆಯದು ಇದೆ ಅನ್ನೋದೇ ಗೊತ್ತಿರೋದಿಲ್ಲ. ಮೊದಲನೆಯದು ನೆಟ್ ಬಳಸೋಕೆ. ಎರಡನೆಯದು ರೂಟರ್‌ನ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸೋಕೆ. ಮೊದಲನೆಯದನ್ನು ನೆಂಟರಿಗೆ ಕೊಡುತ್ತೀರಿ, ಎರಡನೆಯದನ್ನು ಯಾರಿಗೂ ಕೊಡಬಾರದು.

ನೋಡೋದು ಹೀಗೆ. ರೂಟರ್ ತಿರುಗಿಸಿ, ಕೆಳಗೆ ಅಥವಾ ಹಿಂದೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ 192.168.1.1 ಅಥವಾ 192.168.0.1 ಅಂತ ಒಂದು ವಿಳಾಸ ಇರುತ್ತದೆ (ಜಿಯೋದವರ ರೂಟರ್ ಆದರೆ 192.168.29.1). ಮನೆಯ ವೈಫೈಗೆ ಸೇರಿಕೊಂಡು ಬ್ರೌಸರ್‌ನಲ್ಲಿ ಆ ವಿಳಾಸ ಟೈಪ್ ಮಾಡಿ. ಲಾಗಿನ್ ಪುಟ ಬರುತ್ತದೆ. ಬಳಕೆದಾರ ಹೆಸರಿಗೆ ‘ಅಡ್ಮಿನ್’, ಪಾಸ್‌ವರ್ಡ್‌ಗೂ ‘ಅಡ್ಮಿನ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿದರೆ ಒಳಗೆ ಬಿಟ್ಟುಕೊಂಡಿತಾ? ಹಾಗಿದ್ದರೆ ನಿಮ್ಮ ವೈಫೈಯಲ್ಲಿರುವ ಎಲ್ಲರನ್ನೂ ಬಿಟ್ಟುಕೊಳ್ಳುತ್ತದೆ.

2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತ್ತು. ಅದೇನೂ ದೊಡ್ಡ ಚಮತ್ಕಾರ ಮಾಡಲಿಲ್ಲ. ಕಾರ್ಖಾನೆಯಿಂದ ಬರುವಾಗ ಇಟ್ಟಿದ್ದ ಹೆಸರು, ಪಾಸ್‌ವರ್ಡ್‌ಗಳ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದೇ ಹಾಕಿ ನೋಡುತ್ತಾ ಹೋಯಿತು. ಆ ವರ್ಷ ಅಕ್ಟೋಬರ್‌ನಲ್ಲಿ ಅದೇ ಸೈನ್ಯ ಬಳಸಿ, ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್‌ನಂಥ ತಾಣಗಳೇ ಹಲವರಿಗೆ ಸಿಗದ ಹಾಗಾಯಿತು.

ಸೆಟ್ಟಿಂಗ್ ಪುಟದಲ್ಲಿ ‘ರಿಮೋಟ್ ಮ್ಯಾನೇಜ್‌ಮೆಂಟ್’ (ಮನೆಯ ಹೊರಗಿನಿಂದ ರೂಟರ್ ಸೆಟ್ಟಿಂಗ್ ಬದಲಾಯಿಸುವ ಸೌಲಭ್ಯ) ಅಂತ ಇದ್ದರೆ, ನೀವೇ ಬೇಕು ಅಂತ ಹಾಕಿಸಿಕೊಂಡಿಲ್ಲ ಅಂದರೆ, ಆಫ್ ಮಾಡಿ.

ಡಬ್ಲ್ಯುಇಪಿ, ಡಬ್ಲ್ಯುಪಿಎ, ಡಬ್ಲ್ಯುಪಿಎ2, 3 ಅಂತ ಇದೆ. ಯಾವುದು ಒತ್ತಲಿ?

ಇವೆಲ್ಲ ವೈಫೈಗೆ ಹಾಕುವ ಬೀಗದ ಬೇರೆ ಬೇರೆ ತಲೆಮಾರುಗಳು. ಡಬ್ಲ್ಯುಪಿಎ3 ಇದ್ದರೆ ಅದು. ಮನೆಯಲ್ಲಿ ಹಳೇ ಫೋನ್, ಪ್ರಿಂಟರ್ ಇದ್ದು ಅದಕ್ಕೆ ಸೇರಿಕೊಳ್ಳದಿದ್ದರೆ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಅನ್ನುವ ಮಿಶ್ರ ಆಯ್ಕೆ. ಅದೂ ಇಲ್ಲದಿದ್ದರೆ ಡಬ್ಲ್ಯುಪಿಎ2, ಜೊತೆಗೆ ‘ಎಇಎಸ್’ ಅನ್ನುವ ಗೂಢಲಿಪಿ. ‘ಟಿಕೆಐಪಿ’ ಅಂತ ಕಂಡರೆ ಬೇಡ.

ಡಬ್ಲ್ಯುಇಪಿ 1997ರದ್ದು. ಅದರ ದೌರ್ಬಲ್ಯ 2001ರಲ್ಲೇ ಬಯಲಾಯಿತು, ಈಗ ಅದನ್ನು ಮುರಿಯೋಕೆ ಕೆಲವೇ ನಿಮಿಷ ಸಾಕು. 2004ರಲ್ಲಿ ಬಂದ ಡಬ್ಲ್ಯುಪಿಎ2 ಇವತ್ತಿಗೂ ಮನೆಗೆ ಸಾಕು, ಪಾಸ್‌ವರ್ಡ್ ಗಟ್ಟಿ ಇದ್ದರೆ. 2017ರಲ್ಲಿ ಅದರಲ್ಲೂ ‘ಕ್ರ್ಯಾಕ್’ ಅನ್ನುವ ಒಂದು ದೋಷ ಸಿಕ್ಕಿತ್ತು. ಫೋನ್, ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಕೊಟ್ಟು ಅದನ್ನು ಸರಿಪಡಿಸಿದರು. 2018ರಲ್ಲಿ ಬಂದ ಡಬ್ಲ್ಯುಪಿಎ3ಯ ದೊಡ್ಡ ಲಾಭ ಅಂದರೆ, ಮೇಲೆ ಹೇಳಿದ ಹಾಗೆ ಮಾತುಕತೆ ಹಿಡಿದುಕೊಂಡು ಹೋಗಿ ಮನೆಯಲ್ಲಿ ಕೂತು ಊಹಿಸುವ ಆಟ ಅದರಲ್ಲಿ ನಡೆಯೋದಿಲ್ಲ. ಪ್ರತಿ ಊಹೆಗೂ ನಿಮ್ಮ ರೂಟರ್‌ನನ್ನೇ ಕೇಳಬೇಕು. ಮಿಶ್ರ ಆಯ್ಕೆಯಲ್ಲಿ ಹಳೇ ಸಾಧನಗಳಿಗೆ ಈ ಲಾಭ ಸಿಗೋದಿಲ್ಲ, ಹಾಗಾಗಿ ಪಾಸ್‌ವರ್ಡ್ ಅಲ್ಲೂ ಗಟ್ಟಿ ಇರಲೇಬೇಕು.

ರೂಟರ್ ಮೇಲೆ ‘ಡಬ್ಲ್ಯುಪಿಎಸ್’ ಅನ್ನೋ ಬಟನ್ ಇದೆ. ಅದೇನು?

ಪಾಸ್‌ವರ್ಡ್ ಟೈಪ್ ಮಾಡದೆ ಸಾಧನ ಸೇರಿಸೋಕೆ ಮಾಡಿದ ಸೌಲಭ್ಯ. ಬಟನ್ ಜೊತೆಗೆ ಅದಕ್ಕೆ 8 ಅಂಕಿಯ ಪಿನ್ ಕೂಡ ಇರುತ್ತದೆ, ತೊಂದರೆ ಇರೋದು ಅದರಲ್ಲೇ. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ ಇರಬೇಕಿತ್ತು. ಆದರೆ ರೂಟರ್ ಮೊದಲ 4 ಅಂಕಿ ಸರಿಯೇ ಅಂತ ಬೇರೆಯಾಗಿ ಹೇಳಿಬಿಡುತ್ತದೆ. ಉಳಿದ ನಾಲ್ಕರಲ್ಲಿ ಕೊನೆಯದು ಬರೀ ತಾಳೆ ನೋಡುವ ಅಂಕಿ. ಅಂದರೆ 10,000 ಮತ್ತು 1,000 ಸೇರಿ 11,000 ಸಲ ಯತ್ನಿಸಿದರೆ ಮುಗಿಯಿತು. ಇದು 2011ರ ಡಿಸೆಂಬರ್‌ನಲ್ಲೇ ಬಯಲಾದ ವಿಷಯ. ಆಮೇಲೆ ಬಂದ ಎಷ್ಟೋ ರೂಟರ್‌ಗಳು ತಪ್ಪು ಪಿನ್ ಬಂದರೆ ಸ್ವಲ್ಪ ಹೊತ್ತು ತಡೆಯುತ್ತವೆ. ಆದರೂ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ. ವರ್ಷಕ್ಕೊಮ್ಮೆ ಪ್ರಿಂಟರ್ ಸೇರಿಸೋಕೆ ಇಷ್ಟು ತೆರೆದಿಡಬೇಕಾಗಿಲ್ಲ.

ದಸರಾಗೆ ಮನೆ ತುಂಬ ನೆಂಟರು. ಬಂದ ತಕ್ಷಣ “ವೈಫೈ ಪಾಸ್‌ವರ್ಡ್ ಏನೋ?” ಅಂತಾರೆ. ಕೊಡಲ್ಲ ಅನ್ನೋಕಾಗುತ್ತಾ?

ಆಗಲ್ಲ, ಅನ್ನೋದೂ ಬೇಡ. ಜಂಬೂಸವಾರಿ ನೋಡೋಕೆ ಬಂದ ಭಾವನ ಮಕ್ಕಳ ಜೊತೆ ಈ ವಿಷಯಕ್ಕೆ ಮುಖ ಕೆಡಿಸಿಕೊಳ್ಳೋದು ಯಾಕೆ? ಗೆಸ್ಟ್ ನೆಟ್‌ವರ್ಕ್ ಮಾಡಿ.

ಈಗಿನ ಬಹಳಷ್ಟು ರೂಟರ್‌ಗಳಲ್ಲಿ ಇದು ಇದೆ. ಅದೇ ರೂಟರ್ ಇನ್ನೊಂದು ಹೆಸರಿನಲ್ಲಿ ಬೇರೆ ವೈಫೈ ಕೊಡುತ್ತದೆ, ಅದಕ್ಕೆ ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದವರಿಗೆ ನೆಟ್ ಸಿಗುತ್ತದೆ, ನಿಮ್ಮ ಟಿವಿ, ಕ್ಯಾಮೆರಾ, ಕಂಪ್ಯೂಟರ್ ಕಾಣಿಸೋದಿಲ್ಲ. ಹೊರಬಾಗಿಲಿನ ಕೀ ಕೊಡದೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟ ಹಾಗೆ. ಸೆಟ್ಟಿಂಗ್‌ನಲ್ಲಿ ‘ಲೋಕಲ್ ನೆಟ್‌ವರ್ಕ್ ನೋಡಲು ಬಿಡು’ ಅನ್ನುವ ಅರ್ಥದ ಟಿಕ್ ಇದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಬೇರೆ ಮಾಡಿದ್ದಕ್ಕೆ ಅರ್ಥವೇ ಇರೋದಿಲ್ಲ.

“ಪಾಸ್‌ವರ್ಡ್ ಹೇಳಲ್ಲ, ನಾನೇ ಟೈಪ್ ಮಾಡಿಕೊಡ್ತೀನಿ” ಅನ್ನುವವರು ತುಂಬ ಜನ. ಅದರಿಂದ ಉಪಯೋಗ ಇಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ, ಸೇರಿಕೊಂಡ ವೈಫೈಯನ್ನು ಕ್ಯೂಆರ್ ಕೋಡ್ ತೋರಿಸಿ ಇನ್ನೊಬ್ಬರಿಗೆ ದಾಟಿಸಬಹುದು. ಎಷ್ಟೋ ಫೋನ್‌ಗಳಲ್ಲಿ ಆ ಕೋಡ್ ಕೆಳಗೇ ಪಾಸ್‌ವರ್ಡ್ ಕಾಣುತ್ತದೆ. ಒಬ್ಬ ಸೋದರಳಿಯ ಸಾಕು, ಸಂಜೆ ಹೊತ್ತಿಗೆ ಬೀದಿಯ ಹುಡುಗರಿಗೆಲ್ಲ ತಲುಪಿರುತ್ತದೆ. ಗೆಸ್ಟ್ ಆದರೆ ಆ ಚಿಂತೆ ಇಲ್ಲ. ವಿಜಯದಶಮಿ ಮುಗಿದ ಮೇಲೆ ಆಫ್ ಮಾಡಿದರಾಯಿತು.

ರೂಟರ್‌ನಲ್ಲಿ ಗೆಸ್ಟ್ ಇಲ್ಲವಾ? ನೆಂಟರು ಊರಿಗೆ ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿ.

ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೀವಿ. ಅವರಿಗೂ ನಮ್ಮ ವೈಫೈಯೇ. ತೊಂದರೆ ಇದೆಯಾ?

ಇದೆ. ಗೋಕುಲಂ ಕಡೆ ಯೋಗ ಕಲಿಯೋಕೆ ಬರುವವರಿಗೆ ತಿಂಗಳ ಲೆಕ್ಕದಲ್ಲಿ ಮನೆ ಕೊಡುವವರು, ಮಾನಸಗಂಗೋತ್ರಿ ಸುತ್ತ ವಿದ್ಯಾರ್ಥಿಗಳಿಗೆ ರೂಮು ಕೊಡುವವರು ‘ವೈಫೈ ಫ್ರೀ’ ಅಂತ ಹೇಳೇ ಕೊಡುತ್ತಾರೆ. ಜನ ಬದಲಾಗುತ್ತಾರೆ, ಪಾಸ್‌ವರ್ಡ್ ಹಾಗೇ ಇರುತ್ತದೆ. ಮೂರು ವರ್ಷದ ಹಿಂದೆ ಖಾಲಿ ಮಾಡಿದವರ ಫೋನ್ ಇವತ್ತು ಆ ರಸ್ತೆಯಲ್ಲಿ ಹಾದುಹೋದರೂ ತಾನಾಗಿಯೇ ಸೇರಿಕೊಳ್ಳುತ್ತದೆ. ಕನೆಕ್ಷನ್ ಮಾತ್ರ ನಿಮ್ಮ ಹೆಸರಲ್ಲಿ.

ಮೊದಲ ಪ್ರಶ್ನೆಯ ಉತ್ತರ ಇನ್ನೊಮ್ಮೆ ಓದಿ. ಬಾಡಿಗೆದಾರರು ತಮ್ಮ ಹೆಸರಲ್ಲೇ ಬೇರೆ ಕನೆಕ್ಷನ್ ತೆಗೆದುಕೊಳ್ಳೋದು ಎಲ್ಲಕ್ಕಿಂತ ಒಳ್ಳೆಯದು. ಸ್ವಲ್ಪ ದಿನಕ್ಕೆ ಬರುವವರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ, ಪ್ರತಿಯೊಬ್ಬರು ಖಾಲಿ ಮಾಡಿದಾಗಲೂ ಪಾಸ್‌ವರ್ಡ್ ಬದಲಾಯಿಸಿ. ಅಡ್ವಾನ್ಸ್ ವಾಪಸ್ ಕೊಡೋ ದಿನವೇ ಇದನ್ನೂ ಮಾಡಿದರೆ ಮರೆಯೋದಿಲ್ಲ.

ಪಕ್ಕದ ಮನೆ ಹುಡುಗ ನಮ್ಮ ವೈಫೈ ಬಳಸ್ತಿದ್ದಾನೆ ಅಂತ ಅನುಮಾನ. ನೋಡೋದು ಹೇಗೆ?

ರೂಟರ್ ಸೆಟ್ಟಿಂಗ್ ಪುಟದಲ್ಲಿ ‘ಕನೆಕ್ಟೆಡ್ ಡಿವೈಸಸ್’ ಅಥವಾ ‘ಡಿಎಚ್‌ಸಿಪಿ’ ಪಟ್ಟಿ ಇರುತ್ತದೆ. ಮನೆಯ ಎಲ್ಲ ಫೋನ್, ಟಿವಿ ಎಣಿಸಿಕೊಂಡು ಹೋಲಿಸಿ. ಗೊತ್ತಿಲ್ಲದ ಹೆಸರು ಕಂಡ ತಕ್ಷಣ ಜಗಳಕ್ಕೆ ಹೋಗಬೇಡಿ. ಸುಮಾರು 2020ರಿಂದ ಈಚೆಗೆ ಐಫೋನ್, ಆಂಡ್ರಾಯ್ಡ್ ಎರಡೂ ತಮ್ಮ ನಿಜವಾದ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಮರೆಮಾಡಿ ಸುಳ್ಳು ವಿಳಾಸ ತೋರಿಸುತ್ತವೆ. ಪಟ್ಟಿಯಲ್ಲಿ ಕಾಣುವ ವಿಚಿತ್ರ ಹೆಸರು ನಿಮ್ಮ ವಾಷಿಂಗ್ ಮಷೀನ್‌ದೇ ಆಗಿರಬಹುದು. ಸುಲಭದ ದಾರಿ: ಮನೆಯ ಒಂದೊಂದೇ ಸಾಧನದ ವೈಫೈ ಆಫ್ ಮಾಡಿ ಪಟ್ಟಿ ನೋಡಿ. ಪಟ್ಟಿ ನೋಡುವ ಸಾಧನ ಬಿಟ್ಟು ಎಲ್ಲ ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೂ ಇನ್ನೊಂದು ಉಳಿದಿದ್ದರೆ ಅದು ಹೊರಗಿನದ್ದಾಗಿರಬಹುದು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನಲ್ಲಿ ಅನುಮತಿ ಇಲ್ಲದೆ ದುರುದ್ದೇಶದಿಂದ ಬೇರೆಯವರ ನೆಟ್‌ವರ್ಕ್ ಒಳಗೆ ಹೋದರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಆದರೆ ಪಾಸ್‌ವರ್ಡ್ ಬದಲಾಯಿಸಿದರೆ ಮುಗಿಯುವ ವಿಷಯಕ್ಕೆ ಠಾಣೆ ಯಾಕೆ, ಅಲ್ವಾ?

ವೈಫೈ ಹೆಸರು ಮರೆಮಾಡಿದ್ರೆ? ಮ್ಯಾಕ್ ಫಿಲ್ಟರ್ ಹಾಕಿದ್ರೆ?

ಎರಡೂ ಸುಮ್ನೆ ಕೆಲಸ. ಹೆಸರು ಮರೆಮಾಡಿದರೂ ಹುಡುಕುವವನಿಗೆ ಸಿಗುತ್ತದೆ. ಮೇಲಿಂದ ನಿಮ್ಮ ಫೋನ್ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತಿರುತ್ತದೆ. ಮ್ಯಾಕ್ ಫಿಲ್ಟರ್ ಪಟ್ಟಿಯಲ್ಲಿರುವ ವಿಳಾಸಗಳನ್ನು ಮಾತ್ರ ಒಳಬಿಡುತ್ತದೆ, ಆದರೆ ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹೆಸರಿನಲ್ಲಿ ಮನೆ ನಂಬರ್, ನಿಮ್ಮ ಹೆಸರು ಇಲ್ಲದ ಹಾಗೆ ನೋಡಿಕೊಳ್ಳಿ, ಸಾಕು.

ನೆಟ್ ತುಂಬ ಸ್ಲೋ. ಯಾರೋ ಕದೀತಿದ್ದಾರಾ?

ಹೆಚ್ಚಿನ ಸಲ ಅಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರೋದು ಮೂರೇ: 1, 6, 11. ಒಂದು ಅಪಾರ್ಟ್‌ಮೆಂಟ್‌ನ ಇಪ್ಪತ್ತು ರೂಟರ್ ಅದರಲ್ಲೇ ತಳ್ಳಾಡುತ್ತಿರುತ್ತವೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿ. ಅದು ಗೋಡೆ ದಾಟೋದು ಕಡಿಮೆ, ಹಾಗಾಗಿ ಬೀದಿಗೂ ಕಡಿಮೆ ಹೋಗುತ್ತದೆ.

ಅಗ್ರಹಾರದ ಹಳೇ ಮನೆ, ದಪ್ಪ ಗೋಡೆ. ಒಳಗಿನ ರೂಮಿಗೆ ಎಕ್ಸ್‌ಟೆಂಡರ್ ಹಾಕಿದ್ದೀವಿ. ಅದನ್ನೂ ನೋಡಬೇಕಾ?

ಅದನ್ನೇ ಮೊದಲು ನೋಡಿ. ರೂಟರ್‌ಗೆ ಗಟ್ಟಿ ಪಾಸ್‌ವರ್ಡ್ ಇಟ್ಟು, ಎಕ್ಸ್‌ಟೆಂಡರ್ ಮಾತ್ರ ಪಾಸ್‌ವರ್ಡ್ ಇಲ್ಲದೆ ತೆರೆದೇ ಬಿಟ್ಟಿರುವ ಮನೆಗಳಿವೆ. ಕೆಲವು ಅಗ್ಗದ ಎಕ್ಸ್‌ಟೆಂಡರ್‌ಗಳು ಸೆಟಪ್‌ಗೆ ಅಂತ ಶುರುವಿನಲ್ಲಿ ತೆರೆದ ವೈಫೈ ಕೊಡುತ್ತವೆ. ಸೆಟಪ್ ಅರ್ಧಕ್ಕೆ ನಿಂತರೆ ಅದು ಹಾಗೇ ಉಳಿಯುತ್ತದೆ. ಫೋನ್‌ನಲ್ಲಿ ವೈಫೈ ಪಟ್ಟಿ ತೆಗೆದು ನೋಡಿ, ನಿಮ್ಮ ಎಕ್ಸ್‌ಟೆಂಡರ್ ಹೆಸರಿನ ಪಕ್ಕ ಬೀಗದ ಚಿತ್ರ ಇರಬೇಕು. ಅದಕ್ಕೂ ಅಡ್ಮಿನ್ ಪಾಸ್‌ವರ್ಡ್ ಬೇರೆ ಇರುತ್ತದೆ.

ಗೇಟ್ ಕ್ಯಾಮೆರಾ, ಸ್ಮಾರ್ಟ್ ಟಿವಿ, ಸ್ಮಾರ್ಟ್ ಬಲ್ಬ್?

ಕ್ಯಾಮೆರಾ ಪಾಸ್‌ವರ್ಡ್ ತಪ್ಪದೆ ಬದಲಾಯಿಸಿ. ರೂಟರ್‌ನಲ್ಲಿ ಇನ್ನೊಂದು ಗೆಸ್ಟ್ ನೆಟ್‌ವರ್ಕ್ ಮಾಡೋಕೆ ಸಾಧ್ಯವಾದರೆ ಇವನ್ನೆಲ್ಲ ಅದಕ್ಕೆ ಸೇರಿಸಿ, ನೆಂಟರಿಗೆ ಕೊಟ್ಟದ್ದಕ್ಕೆ ಬೇಡ. ಅಪ್‌ಡೇಟ್ ನಿಂತುಹೋದ ಅಗ್ಗದ ಕ್ಯಾಮೆರಾ ನಿಮ್ಮ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕ್‌ನಲ್ಲಿ ಇರಬೇಕಾಗಿಲ್ಲ. ರೂಟರ್‌ನಲ್ಲಿ ‘ಯುಪಿಎನ್‌ಪಿ’ ಆನ್ ಇದ್ದರೆ ಇಂಥ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನಿಂದ ದಾರಿ ತೆರೆದುಕೊಳ್ಳಬಹುದು. ಆಫ್ ಮಾಡಿ. ಮಗನ ಗೇಮ್ ಏನಾದರೂ ನಿಂತರೆ ಅವನೇ ಬಂದು ಹೇಳುತ್ತಾನೆ.

ರೂಟರ್ ಕಂಪನಿಯವರದ್ದೇ. ಅಪ್‌ಡೇಟ್ ನಾವು ಮಾಡಬೇಕಾ?

ಕಂಪನಿ ಕೊಟ್ಟ ಫೈಬರ್ ಡಬ್ಬಿಗೆ ಸಾಮಾನ್ಯವಾಗಿ ಅವರೇ ದೂರದಿಂದ ಅಪ್‌ಡೇಟ್ ಹಾಕುತ್ತಾರೆ. ಅಂಗಡಿಯಲ್ಲಿ ಕೊಂಡ ರೂಟರ್ ಆದರೆ ನೀವೇ ಮಾಡಬೇಕು: ಸೆಟ್ಟಿಂಗ್‌ನಲ್ಲಿ ‘ಫರ್ಮ್‌ವೇರ್ ಅಪ್‌ಗ್ರೇಡ್’. ಅದು ನಡೆಯುವಾಗ ಕರೆಂಟ್ ಹೋದರೆ ರೂಟರ್ ಕೆಟ್ಟೇ ಹೋಗಬಹುದು. ಮಳೆಗಾಲದ ಸಂಜೆ ಬೇಡ, ಯುಪಿಎಸ್ ಇದ್ದರೆ ಅದರ ಮೇಲಿಟ್ಟು ಮಾಡಿ. ತಯಾರಕರು ಅಪ್‌ಡೇಟ್ ಕೊಡೋದನ್ನೇ ನಿಲ್ಲಿಸಿದ್ದರೆ ಹೊಸದು ತೆಗೆದುಕೊಳ್ಳುವ ಕಾಲ ಬಂತು ಅಂತಲೇ.

ಯಾರಾದ್ರೂ ವೈಫೈಗೆ ನುಗ್ಗಿದ್ರೆ ಬ್ಯಾಂಕ್ ದುಡ್ಡು, ಯುಪಿಐ ಎಲ್ಲ ಹೋಗುತ್ತಾ?

ಅಷ್ಟು ಸುಲಭಕ್ಕೆ ಹೋಗೋದಿಲ್ಲ. ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್‌ಗಳು ತಾವೇ ಬೇರೆ ಗೂಢಲಿಪಿಯಲ್ಲಿ ಮಾತಾಡುತ್ತವೆ. ವೈಫೈ ತೆರೆದಿದ್ದರೂ ನಡುವೆ ನಿಂತವನಿಗೆ ಪಿನ್ ಕಾಣೋದಿಲ್ಲ. ದುಡ್ಡು ಹೋಗೋದು ಹೆಚ್ಚಾಗಿ ಒಟಿಪಿ ಹೇಳಿದ್ದರಿಂದ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲ್ ಒತ್ತಿದ್ದರಿಂದ.

ಒಂದು ಅಪಾಯ ಮಾತ್ರ ನಿಜ. ರೂಟರ್ ಒಳಗೆ ಹೊಕ್ಕವನು ‘ಡಿಎನ್‌ಎಸ್’ (ತಾಣದ ಹೆಸರು ಕೊಟ್ಟರೆ ಅದು ಎಲ್ಲಿದೆ ಅಂತ ಹೇಳುವ ವ್ಯವಸ್ಥೆ) ಬದಲಾಯಿಸಿದರೆ, ನೀವು ಸರಿಯಾದ ವಿಳಾಸ ಟೈಪ್ ಮಾಡಿದರೂ ನಕಲಿ ತಾಣಕ್ಕೆ ಕಳಿಸಬಹುದು. ಆಗ ಹೆಚ್ಚಿನ ಸಲ ಬ್ರೌಸರ್ ‘ಈ ತಾಣ ಸುರಕ್ಷಿತವಲ್ಲ’ ಅಂತ ಎಚ್ಚರಿಸುತ್ತದೆ. ಅದನ್ನು ದಾಟಿ ಮುಂದೆ ಹೋಗಬೇಡಿ.

ನುಗ್ಗಿರೋದು ಖಾತ್ರಿ ಅನ್ನಿಸ್ತಿದೆ. ಏನು ಮಾಡ್ಲಿ?

ಮೊದಲು ಫೋಟೋ. ಕನೆಕ್ಟೆಡ್ ಪಟ್ಟಿ, ಡಿಎನ್‌ಎಸ್ ಪುಟ, ‘ವ್ಯಾನ್’ (ಹೊರಗಿನ ಕನೆಕ್ಷನ್‌ನ ವಿವರ ಇರುವ) ಪುಟ ಮೂರನ್ನೂ ಫೋನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಹಿಂದಿರುವ ಸಣ್ಣ ತೂತಿಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿದರೆ ರೀಸೆಟ್ ಆಗುತ್ತದೆ. ಆದರೆ ನಿಲ್ಲಿ, ಒತ್ತುವ ಮುಂಚೆ ಕೇಬಲ್‌ನವರಿಗೆ ಒಂದು ಫೋನ್ ಮಾಡಿ. ಎಷ್ಟೋ ಕನೆಕ್ಷನ್‌ಗಳಲ್ಲಿ ಕಂಪನಿಯ ಲೈನಿಗೆ ಲಾಗಿನ್ ಆಗೋಕೆ ಬೇಕಾದ ‘ಪಿಪಿಪಿಒಇ’ ಬಳಕೆದಾರ ಹೆಸರು, ಪಾಸ್‌ವರ್ಡ್ ರೂಟರ್ ಒಳಗೇ ಇರುತ್ತವೆ. ರೀಸೆಟ್ ಮಾಡಿದರೆ ಅವೂ ಅಳಿಸಿಹೋಗುತ್ತವೆ. ಶನಿವಾರ ರಾತ್ರಿ ಒತ್ತಿದರೆ ಸೋಮವಾರದವರೆಗೆ ನೆಟ್ ಇರೋದಿಲ್ಲ. ಆ ಎರಡನ್ನೂ ಕೇಳಿ ಬರೆದುಕೊಂಡು ಆಮೇಲೆ ಒತ್ತಿ.

ಬಳಿಕ ಅಡ್ಮಿನ್ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಎರಡೂ ಹೊಸದು. ಕಂಪ್ಯೂಟರ್‌ನಲ್ಲೇ ಮಾಲ್‌ವೇರ್ ಇರಬಹುದು ಅನ್ನಿಸಿದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಪುಕ್ಕಟೆ ಉಪಕರಣಗಳು ಸಿಗುತ್ತವೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋದ ದುಡ್ಡು ಇನ್ನೊಂದು ಖಾತೆಯಿಂದ ಜಾರುವ ಮುಂಚೆ ತಡೆಯೋಕೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಠಾಣೆಯಲ್ಲಿ ದೂರು ಕೊಡೋದಾದರೆ ಸೈಬರ್ ಪ್ರಕರಣ ನೋಡುವ ಠಾಣೆಗೆ ಹೋಗಿ, ತೆಗೆದಿಟ್ಟ ಫೋಟೋಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಹೊಸ ರೂಟರ್ ಬಂತು. ಹಳೇದನ್ನ ಗುಜರಿಗೆ ಹಾಕಬಹುದಾ?

ರೀಸೆಟ್ ಮಾಡಿ ಹಾಕಿ. ಹಾಗೇ ಕೊಟ್ಟರೆ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್, ಕನೆಕ್ಷನ್‌ನ ಲಾಗಿನ್ ಎಲ್ಲ ಅದರೊಳಗೇ ಹೋಗುತ್ತವೆ. ಹೊಸ ರೂಟರ್‌ಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಡೋದು ನಮ್ಮ ರೂಢಿ, ಮನೆಯವರೆಲ್ಲ ಮತ್ತೆ ಟೈಪ್ ಮಾಡೋದು ತಪ್ಪಲಿ ಅಂತ. ಕಂಪನಿಯಿಂದ ಬಾಡಿಗೆಗೆ ಬಂದ ಡಬ್ಬಿ ಆದರೆ ಗುಜರಿಗೆ ಹಾಕೋಹಾಗಿಲ್ಲ, ವಾಪಸ್ ಕೊಡಬೇಕು. ಕೊಟ್ಟಿದ್ದಕ್ಕೆ ರಸೀದಿ ಕೇಳಿ ತೆಗೆದುಕೊಳ್ಳಿ, ಡೆಪಾಸಿಟ್ ವಾಪಸ್ ಬರುವವರೆಗೂ ಅದು ಬೇಕಾಗುತ್ತದೆ.